ಕಾಲುವೆಯ ಊರು ಕಣೇಕಲ್ಲು

ಕಣೇಕಲ್ಲು ರಾಯದುರ್ಗ ಸೀಮೆಯಲ್ಲಿ ಹಗರಿಯ ದಂಡೆಯ ಊರು. ಪುಸ್ತಕಗಳಲ್ಲಿ ಈ ನದಿ ವೇದಾವತಿ. 1907ರಲ್ಲಿ ಮುಗಿದ ಮಾರಿಕಣಿವೆಯ ಅಣೆಕಟ್ಟು ಮೇಲಿನ ನೀರನ್ನು ಹಿಡಿದಿಟ್ಟಿತು; ಕೆಳಗೆ ಉಳಿದದ್ದು ಬಹುಮಟ್ಟಿಗೆ ಮರಳು. ಆಷಾಢದ ಗಾಳಿ ಆ ಮರಳನ್ನೆತ್ತಿ ಹೊಲಗಳ ಮೇಲೆ ಹಾಸುತ್ತದೆ. ನೆರೆಯ ದರ್ಗಾ ಹೊನ್ನೂರಿನ ಮರಳುದಿಣ್ಣೆಗಳನ್ನು ಕಂಡ ಹೊಸಬರು ರಾಜಸ್ಥಾನವನ್ನು ನೆನೆಯುವುದುಂಟು.

ಇಂತಹ ನೆಲದ ಮಗ್ಗುಲಲ್ಲೇ ಬತ್ತದ ಗದ್ದೆ! ಅದು ತುಂಗಭದ್ರೆಯ ಮೇಲ್ಮಟ್ಟದ ಕಾಲುವೆಯ ಕೊಡುಗೆ. ಕರ್ನಾಟಕದಲ್ಲಿ 105 ಕಿ.ಮೀ. ಹರಿದ ಬಳಿಕ ಅದು ಗಡಿಯನ್ನು ದಾಟುತ್ತದೆ. ಆ ಗಡಿಯೇನೂ ಬಹಳ ಹಳೆಯದಲ್ಲ: 1953ರ ಅಕ್ಟೋಬರ್ 1ರಂದು ರಾಯದುರ್ಗ ತಾಲ್ಲೂಕು ಬಳ್ಳಾರಿಯಿಂದ ಅಗಲಿ ಅನಂತಪುರವನ್ನು ಸೇರಿತು. ಬೋಯರು, ಕುರುಬರು, ಲಿಂಗಾಯತರು ಹೆಣ್ಣು ಕೊಡುವ ತರುವ ನಂಟನ್ನು ಆಚೆ ಕಡೆಯೊಡನೆ ಬಿಟ್ಟಿಲ್ಲವೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ಹೇಳಬೇಕಾಗಿಲ್ಲ.

2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ರೈತರ ಎದೆ ನಡುಗಿದ್ದು ಗಡಿಯ ಎರಡು ಕಡೆಯೂ. ತಾತ್ಕಾಲಿಕ ಗೇಟನ್ನು ಬೇಗನೆ ಕೂಡಿಸಿದರು. ಹೂಳಿನ ಮಾತು ಬೇರೆ. ಮೊದಲು 133 ಟಿ.ಎಂ.ಸಿ. ನೀರು ಹಿಡಿಯುತ್ತಿದ್ದ ಜಲಾಶಯ ಈಗ ಹಿಡಿಯುವುದು ಸುಮಾರು 105 ಮಾತ್ರ. ಈ ಕೊರತೆಯ ಬಿಸಿ ಮೊದಲು ತಟ್ಟುವುದು ಕಾಲುವೆಯ ಕೊನೆಯ ಹೊಲದವರಿಗೆ.