ಅದು ಅವರ ಗಲಾಟೆಯಂತೆ!

ನನ್ನ ದೊಡ್ಡಪ್ಪನ ಮಗ 11 ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದಾನೆ. ಎಚ್-1ಬಿ ವೀಸಾ, ಗ್ರೀನ್ ಕಾರ್ಡಿಗೆ ಮುಗಿಯದ ಕ್ಯೂ, ಅಲ್ಲೇ ಹುಟ್ಟಿದ ಮಗಳು. ಮೊನ್ನೆ ವಿಡಿಯೋ ಕಾಲ್‌ನಲ್ಲಿ ಕಪ್ಪು ಜನರ ಮತದಾನದ ಹಕ್ಕಿನ ಕೇಸಿನ ಮಾತು ಬಂತು. "ಅದು ಅವರ ಗಲಾಟೆ ಕಣೋ. ನಾವು ಓದಿ, ಮೆರಿಟ್ ಮೇಲೆ ಬಂದೋರು. ನಮಗ್ಯಾಕೆ?" ಅಂದ.

ಅಣ್ಣ, ಅವತ್ತು ಸುಮ್ಮನಿದ್ದೆ. ಇವತ್ತು ಹೇಳ್ತೀನಿ. 'ನಾವು ಅವರಂಥವರಲ್ಲ' ಅನ್ನೋ ಈ ವಾದವನ್ನು ನಮ್ಮವರೊಬ್ಬರು ಅಮೆರಿಕದ ಸುಪ್ರೀಂ ಕೋರ್ಟಿನಲ್ಲೇ ಮಂಡಿಸಿ ಸೋತಿದ್ದಾರೆ.

ಭಗತ್ ಸಿಂಗ್ ಥಿಂಡ್ ಪಂಜಾಬಿನ ಸಿಖ್. 1913ರಲ್ಲಿ ಅಮೆರಿಕಕ್ಕೆ ಹೋದವರು, ಮೊದಲ ಮಹಾಯುದ್ಧದ ಹೊತ್ತಿಗೆ ಅಲ್ಲಿನ ಸೇನೆ ಸೇರಿದರು. ಪೌರತ್ವ ಕೇಳಿದಾಗ ಅಡ್ಡ ಬಂದದ್ದು 1790ರ ಕಾನೂನು: ವಲಸೆ ಬಂದವರಲ್ಲಿ ಬಿಳಿಯರಿಗಷ್ಟೇ ಪೌರತ್ವ. 1870ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿದ್ದರು, ಏಷ್ಯಾದವರನ್ನಲ್ಲ. ಈ ಕಾನೂನೇ ಅನ್ಯಾಯ ಅಂತ ಥಿಂಡ್ ವಾದಿಸಲಿಲ್ಲ. ನಾನು ಮೇಲ್ಜಾತಿಯವನು, ಆರ್ಯ, ಆದ್ದರಿಂದ ನಾನೂ ಬಿಳಿಯ ಎಂದರು. ನೀವು ಕಪ್ಪು ಜನರ ಜೊತೆ ಮದುವೆ ಸಂಬಂಧ ಒಪ್ಪದ ಹಾಗೆಯೇ ನಮ್ಮ ಮೇಲ್ಜಾತಿಯವರೂ ಭಾರತದ ಆದಿವಾಸಿಗಳ ಜೊತೆ ಒಪ್ಪುವುದಿಲ್ಲ ಎಂಬ ಅರ್ಥದ ಮಾತು ಕೂಡ ಅವರ ಪರ ಸಲ್ಲಿಸಿದ ಲಿಖಿತ ವಾದದಲ್ಲಿತ್ತು. ಓದೋಕೇ ನಾಚಿಕೆಯಾಗುತ್ತೆ.

ಕೋರ್ಟು ಏನು ಮಾಡಿತು ಗೊತ್ತಾ? ಮೂರು ತಿಂಗಳ ಹಿಂದಷ್ಟೇ, ಬಿಳಿಯ ಅಂದ್ರೆ ಕಕೇಷಿಯನ್ ಎಂದು ಹೇಳಿ ಜಪಾನಿನ ಓಜಾವಾರನ್ನು ವಾಪಸ್ ಕಳಿಸಿತ್ತು. ನಾನು ಕಕೇಷಿಯನ್ನೇ ಎಂದು ಥಿಂಡ್ ಬಂದಾಗ, ಅದು ಪಂಡಿತರ ಲೆಕ್ಕ, ಸಾಮಾನ್ಯ ಜನರ ಕಣ್ಣಲ್ಲಿ ನೀವು ಬಿಳಿಯರಲ್ಲ ಎಂದಿತು. 1923ರ ಫೆಬ್ರವರಿ 19, ಸರ್ವಾನುಮತದ ತೀರ್ಪು. ಆಗಲೇ ಪೌರರಾಗಿದ್ದ ಎಷ್ಟೋ ಭಾರತೀಯರು ಪೌರತ್ವ ಕಳಕೊಂಡರು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಂಗಡಿ ಇಟ್ಟಿದ್ದ ವೈಷ್ಣೋ ದಾಸ್ ಬಾಗಾಯ್ 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು.

1946ರಲ್ಲಿ ಬಾಗಿಲು ಚೂರು ತೆರೆಯಿತು: ವರ್ಷಕ್ಕೆ 100 ಭಾರತೀಯರು! ಪೂರ್ತಿ ತೆರೆದದ್ದು 1965ರಲ್ಲಿ. ಆ ಮಾರ್ಚಿನಲ್ಲಿ ಸೆಲ್ಮಾದ ಸೇತುವೆ ಮೇಲೆ ಕಪ್ಪು ಜನ ಲಾಠಿ ಏಟು ತಿಂದರು. ಆಗಸ್ಟಿನಲ್ಲಿ ಮತದಾನದ ಹಕ್ಕಿನ ಕಾಯ್ದೆ ಬಂತು. ಅಕ್ಟೋಬರಿನಲ್ಲಿ ಹುಟ್ಟಿದ ದೇಶ ನೋಡಿ ವಲಸಿಗರಿಗೆ ಕೋಟಾ ಹಂಚುವ ಪದ್ಧತಿ ತೆಗೆದ ವಲಸೆ ಕಾಯ್ದೆಗೆ ಸಹಿ ಬಿತ್ತು. ಜನಾಂಗ ನೋಡಿ ಮನುಷ್ಯರನ್ನು ವಿಂಗಡಿಸಬಾರದು ಅನ್ನೋ ಒಂದೇ ಗಾಳಿಗೆ ಎರಡೂ ಬಾಗಿಲು ತೆರೆದವು. ನಿನ್ನ ಓದು ಸುಳ್ಳಲ್ಲ ಅಣ್ಣ. ಆದರೆ ಓದಿದ ಭಾರತೀಯರು 1923ರಲ್ಲೂ ಇದ್ದರು. ಬಾಗಿಲು ಇರಲಿಲ್ಲ, ಅಷ್ಟೇ.

ಇನ್ನು ಮಗಳ ಪಾಸ್‌ಪೋರ್ಟ್. ಕಪ್ಪು ಜನ ಪೌರರಾಗಲಾರರು ಎಂದು 1857ರಲ್ಲಿ ಡ್ರೆಡ್ ಸ್ಕಾಟ್ ಕೇಸಿನಲ್ಲಿ ಇದೇ ಕೋರ್ಟು ಹೇಳಿತ್ತು. ಅದನ್ನು ಅಳಿಸಲು 1868ರಲ್ಲಿ 14ನೇ ತಿದ್ದುಪಡಿ ಬಂತು: ಅಮೆರಿಕದಲ್ಲಿ ಹುಟ್ಟಿದವರು ಅಮೆರಿಕದ ಪೌರರು. ಅದು ವಲಸಿಗರ ಮಕ್ಕಳಿಗೂ ಅನ್ವಯ ಎಂದು 1898ರಲ್ಲಿ ಗೆದ್ದುಕೊಟ್ಟದ್ದು ವಾಂಗ್ ಕಿಮ್ ಆರ್ಕ್ ಎಂಬ ಚೀನೀ ಮೂಲದ ಅಡುಗೆಯವ. 2025ರ ಜನವರಿ 20ರಂದು ಟ್ರಂಪ್, ತಾತ್ಕಾಲಿಕ ವೀಸಾದವರಿಗೆ ಮುಂದೆ ಹುಟ್ಟುವ ಮಕ್ಕಳಿಗೆ ಪೌರತ್ವ ಇಲ್ಲ ಎಂದು ಆದೇಶ ಹೊರಡಿಸಿದಾಗ ನಿನಗೆ ನಿದ್ದೆ ಬರಲಿಲ್ಲ, ನೆನಪಿದೆಯಾ? ಕೆಲವೇ ದಿನಗಳಲ್ಲಿ ಸಿಯಾಟಲ್‌ನ ಫೆಡರಲ್ ಕೋರ್ಟು ತಡೆ ಕೊಟ್ಟಾಗ ಆಸರೆಯಾಗಿದ್ದು ಆ ತಿದ್ದುಪಡಿಯೇ, ಆ ಅಡುಗೆಯವನ ಕೇಸೇ. ನಿನ್ನ ಡಿಗ್ರಿ ಅಲ್ಲ.

ಥಿಂಡ್ ಕೇಳಿದ್ದು ಬಿಳಿಯರ ಪಂಕ್ತಿಯಲ್ಲಿ ತನಗೊಂದು ಎಲೆ. ಸೆಲ್ಮಾದಲ್ಲಿ ನಡೆದವರು ಪಂಕ್ತಿಭೇದವೇ ಬೇಡ ಅಂದರು. ನೀನೀಗ ಊಟಕ್ಕೆ ಕೂತಿರೋದು ಇವರು ಹಾಕಿಸಿದ ಎಲೆಯ ಮುಂದೆ. ಮುಂದಿನ ಸಲ ಅಂಥ ಕೇಸಿನ ಸುದ್ದಿ ಬಂದಾಗ ಚಾನೆಲ್ ಬದಲಿಸಬೇಡ. ಅದು ನಿನ್ನ ಮಗಳ ಕೇಸೂ ಹೌದು.