ಪಂಜರದ ಒಂದು ಸರಳು

ಬಾಗೂರು ಸೀಮೆಯವರಿಗೆ ನಾಟಕ ಹೊಸದಲ್ಲ. ಸುಗ್ಗಿ ಮುಗಿದು ಕೈ ಬಿಡುವಾಯಿತೆಂದರೆ ಸುತ್ತಿನ ಯಾವುದಾದರೊಂದು ಊರಿನಲ್ಲಿ ‘ಕುರುಕ್ಷೇತ್ರ’ದ ತಾಲೀಮು ಶುರುವಾಯಿತೆಂದೇ ಲೆಕ್ಕ. ಹಾರ್ಮೋನಿಯಂ ಮೇಷ್ಟ್ರು ಬರುತ್ತಾರೆ, ಬಾಡಿಗೆ ಸೀನರಿ ಬರುತ್ತದೆ, ಕೃಷ್ಣನ ಪಾರ್ಟಿಗೆ ಇಷ್ಟು, ದುರ್ಯೋಧನನ ಪಾರ್ಟಿಗೆ ಇಷ್ಟು ಎಂದು ಹಣ ನಿಗದಿಯಾಗುತ್ತದೆ. ಭೀಮನ ಭಾವಮೈದುನ ನಾಟಕದ ನಡುವೆಯೇ ಸ್ಟೇಜು ಹತ್ತಿ, ಹಾರ ಹಾಕಿ, ಫೋಟೊ ತೆಗೆಸಿಕೊಂಡು ಇಳಿದರೂ ಯಾರೂ ತಪ್ಪು ತಿಳಿಯುವುದಿಲ್ಲ. ಬೆಳಗಿನ ಜಾವದವರೆಗೆ ನಡೆಯುವ ಈ ನಾಟಕಗಳಲ್ಲಿ ನೋಡುವವರಿಗೂ ಒಂದು ಪಾರ್ಟು ಇದ್ದೇ ಇರುತ್ತದೆ.

ಆದರೆ ಮಕ್ಕಳ ನಾಟಕದ ಮೊದಲ ಪ್ರದರ್ಶನದಲ್ಲಿ ಹೆತ್ತವರ ಪಾರ್ಟು ಯಾವುದು? ಅದನ್ನು ಯಾವ ಮೇಷ್ಟ್ರೂ ಹೇಳಿಕೊಟ್ಟಿರುವುದಿಲ್ಲ. ಬೇಸಿಗೆ ರಜೆಯಲ್ಲಿ ನಮ್ಮೂರಲ್ಲಿ ನಡೆದ ಹದಿನೈದು ದಿನಗಳ ಶಿಬಿರದ ಕೊನೆಗೆ, ಮಗಳ ನಾಟಕ ನೋಡಲು ಕುಳಿತಾಗ ಈ ಪ್ರಶ್ನೆ ನನಗೆ ಎದುರಾಯಿತು.

ಮಕ್ಕಳು ಆಡಿದ್ದು ಬಿ.ವಿ. ಕಾರಂತರ ‘ಪಂಜರ ಶಾಲೆ’. ರವೀಂದ್ರನಾಥ ಠಾಕೂರರ ಕತೆಯೊಂದರಿಂದ ಹುಟ್ಟಿದ ನಾಟಕ ಅದು. ಠಾಕೂರರ ಕತೆ ಚಿಕ್ಕದು. ಹಾಡಿಕೊಂಡು ಹಾರಾಡಿಕೊಂಡಿದ್ದ ಗಿಳಿಗೆ ವಿದ್ಯೆ ಕಲಿಸಬೇಕೆಂದು ರಾಜನ ಅಪ್ಪಣೆಯಾಗುತ್ತದೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕ ನಕಲು ಮಾಡುವವರು ಬರುತ್ತಾರೆ. ಎಲ್ಲರಿಗೂ ಒಳ್ಳೆಯ ಸಂಪಾದನೆ. ರಾಜನೂ ಬಂದು ಏರ್ಪಾಡನ್ನೆಲ್ಲ ನೋಡಿ ಮೆಚ್ಚುತ್ತಾನೆ, ಗಿಳಿಯೊಂದನ್ನು ಬಿಟ್ಟು. ಕಾಳಿಲ್ಲದೆ, ನೀರಿಲ್ಲದೆ, ಬರೀ ಹಾಳೆ ತುರುಕಿಸಿಕೊಂಡ ಗಿಳಿ ಕಡೆಗೆ ಸತ್ತೇ ಹೋಗುತ್ತದೆ. ಠಾಕೂರರು ಇದನ್ನು ಬರೆದು ನೂರು ವರ್ಷ ದಾಟಿದೆ.

ಇದರಲ್ಲಿ ನನ್ನ ಮಗಳು ಪಂಜರದ ಒಂದು ಸರಳು. ಎಂಟು ಮಕ್ಕಳು ಕೈ ಮೇಲೆತ್ತಿ ಸುತ್ತ ನಿಂತರೆ ಅದೇ ಪಂಜರ.

“ಮಾತೇ ಇಲ್ವೇನೇ ನಿಂಗೆ?” ಎಂದರು ನಮ್ಮತ್ತೆ.

“ಸರಳು ಮಾತಾಡುತ್ತಾ ಅಜ್ಜಿ?”

“ಮತ್ತೆ ಹದಿನೈದು ದಿನ ಅದೇನು ಕಲಿತೆ?”

“ನಿಂತ್ಕೊಳ್ಳೋದು.”

ಗಿಳಿಯಾಗಿದ್ದ ಹುಡುಗ ಹತ್ತನೇ ತರಗತಿಗೆ ಹೋಗುವವನು. ಅವನಿಗೆ ಮರುದಿನದಿಂದ ಚನ್ನರಾಯಪಟ್ಟಣದಲ್ಲಿ ಟ್ಯೂಷನ್. ಬಾಗೂರಿನ ಪ್ರದರ್ಶನವೊಂದಕ್ಕೆ ಮಾತ್ರ ಅವನಪ್ಪ ಒಪ್ಪಿದ್ದರು. ಮರುದಿನ ನುಗ್ಗೇಹಳ್ಳಿಯಲ್ಲಿ ಎರಡನೆಯ ಪ್ರದರ್ಶನ. ಅದಕ್ಕೆ ಗಿಳಿ ಬೇಕಲ್ಲ? ಎಲ್ಲರ ಮಾತನ್ನೂ ಬಾಯಿಪಾಠ ಮಾಡಿಕೊಂಡಿದ್ದ ನಮ್ಮ ಸರಳನ್ನು ಮೇಷ್ಟ್ರು ಆರಿಸಿಟ್ಟಿದ್ದರು. ಈ ಸುದ್ದಿ ಕೇಳಿ ಅತ್ತೆಗೆ ಸಮಾಧಾನವಾಯಿತು.

ನಾಟಕ ಶುರುವಾಯಿತು. ಮುಂದಿನ ಸಾಲುಗಳಲ್ಲಿ ಮೊಬೈಲುಗಳು ಮೇಲೆದ್ದವು. ಹಿಂದೆ ಕುಳಿತ ಅಜ್ಜ ಅಜ್ಜಿಯರಿಗೆ ಮೊಮ್ಮಕ್ಕಳು ಕಂಡದ್ದು ಮುಂದಿನವರ ಮೊಬೈಲಿನೊಳಗೆ, ಹೆಬ್ಬೆರಳುದ್ದವಾಗಿ. ಪಂಡಿತರು ಗಿಳಿಯ ಬಾಯಿಗೆ ಹಾಳೆ ತುರುಕುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಹೆತ್ತವರೆಲ್ಲ ಎದ್ದು ನಿಂತರು. ಒಬ್ಬೊಬ್ಬರೂ ತಮ್ಮ ತಮ್ಮ ಮಕ್ಕಳ ಹೆಸರು ಹಿಡಿದು ಕೂಗತೊಡಗಿದರು.

ಕತ್ತಲಿನಿಂದ ಯಾರೂ “ಅಮ್ಮಾ” ಎನ್ನಲಿಲ್ಲ. ಮೇಳದ ಮಕ್ಕಳು ಹಾಡುತ್ತಲೇ ಇದ್ದರು, ತಮಟೆ ಬಡಿಯುತ್ತಲೇ ಇತ್ತು. ನಮ್ಮ ಸದ್ದೇ ಹೆಚ್ಚಾಯಿತೆಂದು ಒಬ್ಬೊಬ್ಬರಾಗಿ ಕುಳಿತೆವು. ಅಷ್ಟು ಹೊತ್ತು ವಿಡಿಯೋ ಹಿಡಿಯುತ್ತಿದ್ದ ಮೊಬೈಲುಗಳು ಟಾರ್ಚುಗಳಾದವು. ಆ ಬಿಳಿ ಬೆಳಕಿನಲ್ಲಿ ಎಂಟು ಸರಳುಗಳು ಕೈ ಇಳಿಸದೆ, ಅಲುಗದೆ ನಿಂತಿದ್ದವು. ಗಿಳಿ ಸತ್ತಾಗ ಅವನಪ್ಪ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು. ಸೆಕೆಯೂ ಇತ್ತೆನ್ನಿ.

ಮರುದಿನ ಸಂಜೆ ನುಗ್ಗೇಹಳ್ಳಿಯಲ್ಲಿ ಮೇಷ್ಟ್ರು ನನ್ನ ಮಗಳಿಗೆ ಗಿಳಿಯ ಹಸಿರು ಶಾಲು ಹೊದಿಸಿ ಆಗಿತ್ತು. ಅಷ್ಟರಲ್ಲಿ ಒಂದು ಬೈಕು ಬಂದು ನಿಂತಿತು. ಮುಂದೆ ಅಪ್ಪ, ಹಿಂದೆ ಟ್ಯೂಷನ್ ಚೀಲ ತಗುಲಿಸಿಕೊಂಡ ಹುಡುಗ. “ಬೆಳಿಗ್ಗೆ ಕ್ಲಾಸಿಗೆ ಹೋಗಿದ್ದ ಮೇಷ್ಟ್ರೇ. ಸಂಜೆ ಇದನ್ನೂ ಆಡ್ಲಿ” ಎಂದರು ಅಪ್ಪ. ಮಗಳ ಮುಖ ಸಣ್ಣದಾಯಿತು. ನಾನು ಬಾಯಿ ಬಿಡಲಿಲ್ಲ. ಅವಳೇ ಶಾಲು ಬಿಚ್ಚಿ ಅವನ ಹೆಗಲಿಗೆ ಹಾಕಿ, ಸರಳಿನ ಸಾಲಿನಲ್ಲಿ ತನ್ನ ಜಾಗಕ್ಕೆ ಹೋಗಿ ನಿಂತಳು. ಯಾವ ಪಂಡಿತರೂ ಹೇಳಿಕೊಡಲಾಗದ ಪಾಠ ಇದು; ಅಂಕಪಟ್ಟಿಯಲ್ಲಿ ಇದಕ್ಕೊಂದು ಕಾಲಂ ಇಲ್ಲ.

ಕಾರಂತರು (1929–2002) ಮೊದಲು ಬಣ್ಣ ಹಚ್ಚಿದ್ದು ಮೂರನೇ ತರಗತಿಯಲ್ಲಿ, ಕುವೆಂಪು ಅವರ ‘ನನ್ನ ಗೋಪಾಲ’ದಲ್ಲಿ. ಆ ಹುಡುಗ ಮುಂದೆ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದ; ಓದನ್ನೂ ಬಿಡದೆ, 1977ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕನಾದ; 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದ. ನಾಟಕ ಆಡಿದ ಮಕ್ಕಳೆಲ್ಲ ಕಾರಂತರಾಗಬೇಕಿಲ್ಲ. ನಾಲ್ಕು ಜನರ ನಡುವೆ ತನ್ನ ಜಾಗ ಯಾವುದೆಂದು ತಿಳಿದರೆ ಅದೇನು ಕಡಿಮೆಯೇ?

ವಿದ್ಯಾರ್ಥಿಗಳೇ, ನಿಮಗೆ ಮಾತಿಲ್ಲದ ಪಾರ್ಟು ಸಿಕ್ಕರೆ ಬೇಸರ ಬೇಡ. ಒಂದು ಸರಳು ಸಡಿಲವಾದರೂ ಪಂಜರವಿಲ್ಲ, ಪಂಜರವಿಲ್ಲದೆ ನಾಟಕವಿಲ್ಲ. ಹೆತ್ತವರಿಗೆ ಹೇಳುವುದಿಷ್ಟೆ: ಬಣ್ಣ ತೊಳೆದು ಬಂದ ಮಗುವನ್ನು ‘ಎಷ್ಟು ಮಾತಿತ್ತು?’, ‘ಬಹುಮಾನ ಯಾರಿಗೆ?’ ಎಂದು ಕೇಳುವ ಮೊದಲು ಒಂದು ಲೋಟ ನೀರು ಕೊಡಿ. ಆಮೇಲೆ ನಾಟಕದಲ್ಲಿ ನೀವು ಏನು ಕಂಡಿರಿ ಎಂದು ಹೇಳಿ. ಹೇಳಬೇಕಾದರೆ ನೋಡಿರಬೇಕು. ನಮ್ಮ ಪಾರ್ಟು ಅದೇ.