ಕಾಲಿನ ಹುಣ್ಣಿಗೆ ಎರಡು ಊರಿನ ಮದ್ದು

ಪೆರ್ಲದ ಕಡೆಯ, ನನ್ನ ಪರಿಚಯದ ಅಡಿಕೆ ಕೃಷಿಕರೊಬ್ಬರು ಎರಡು ವರ್ಷ ಒಂದೇ ಹುಣ್ಣಿಗೆ ಮದ್ದು ಮಾಡಿದರು. ಎಡಗಾಲಿನ ಮಣಿಗಂಟಿನ ಒಳಬದಿಗೆ ಅಂಗೈಯಗಲದ ಹುಣ್ಣು. ಇಲ್ಲಿ ಒಬ್ಬರು ಡಾಕ್ಟರು, ಮಂಗಳೂರಿನಲ್ಲಿ ಇನ್ನೊಬ್ಬರು. "ಮುಲಾಮು ಹಚ್ಚಿ ಹಚ್ಚಿ ಸಾಕಾಯ್ತು ಮಾರಾಯ್ರೆ" ಅಂದರು. ಎರಡೂ ಕಡೆಯ ಚೀಟಿಗಳನ್ನು ಒಟ್ಟಿಗಿಟ್ಟು ನೋಡಿದೆ. ಬಿಪಿಯ ಒಂದೇ ಮದ್ದು, ಅಮ್ಲೋಡಿಪಿನ್, ಎರಡು ಕಂಪೆನಿಗಳ ಹೆಸರಿನಲ್ಲಿ ಎರಡರಲ್ಲೂ ಇತ್ತು! ಅದರ ಪ್ರಮಾಣ ಹೆಚ್ಚಿದಷ್ಟೂ ಪಾದ ಊದುವುದು ಹೆಚ್ಚು. ಊದಿದ ಕಾಲಿನಲ್ಲಿ ಹುಣ್ಣು ಬೇಗ ಮಾಯುವುದಿಲ್ಲ. ಸಕ್ಕರೆ ಪರೀಕ್ಷೆಯ ಮಾತು ಎರಡರಲ್ಲೂ ಇರಲಿಲ್ಲ.

ಇಂಥ ಹುಣ್ಣಿನ ಮೂಲ ಚರ್ಮದಲ್ಲಿಲ್ಲ, ಒಳಗಿನ ಅಭಿಧಮನಿಯಲ್ಲಿದೆ. ರಕ್ತ ಕೆಳಗಿಳಿಯದಂತೆ ತಡೆಯುವ ಕವಾಟಗಳು ಕೆಟ್ಟಾಗ ರಕ್ತ ಕಾಲಲ್ಲೇ ನಿಂತು ನರ ಉಬ್ಬುತ್ತದೆ, ಚರ್ಮ ಕಪ್ಪಾಗಿ ಒಡೆಯುತ್ತದೆ. ದಿನವಿಡೀ ಅಂಗಡಿಯಲ್ಲಿ ನಿಲ್ಲುವವರೂ ತೂಕ ಹೆಚ್ಚಿದವರೂ ಇದನ್ನು ಬಲ್ಲರು. ಮುಖ್ಯ ಚಿಕಿತ್ಸೆ ಬಿಗಿಪಟ್ಟಿ. ಆದರೆ ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ, ರಕ್ತಹೀನತೆಯಿದ್ದರೆ, ಹೃದಯ ಸೋತಿದ್ದರೆ ಪಟ್ಟಿಯೊಂದರಿಂದ ಕೆಲಸ ಆಗದು. ಬೀಡಿ ಸೇದುವವರಿಗೆ, ಸಕ್ಕರೆ ಕಾಯಿಲೆಯವರಿಗೆ ಕಾಲಿಗೆ ರಕ್ತ ತರುವ ನಾಳವೇ ಕಟ್ಟಿರಬಹುದು. ಆಗ ಬಿಗಿಪಟ್ಟಿಯಿಂದಲೇ ಕಾಲಿಗೆ ಅಪಾಯ. ಅದಕ್ಕೇ ಪಟ್ಟಿ ಕಟ್ಟುವ ಮೊದಲು ಕೈಯ ಮತ್ತು ಕಾಲಿನ ರಕ್ತದೊತ್ತಡ ಹೋಲಿಸಿ ನೋಡಬೇಕು.

ಇದು ಒಬ್ಬರ ಮನೆಯ ಸಂಗತಿಯಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯಂತೆ ಮಧುಮೇಹ ದೇಶದ ವಯಸ್ಕರಲ್ಲಿ ಶೇ. 11.4, ಕೇರಳದಲ್ಲಿ ಶೇ. 25.5, ಗೋವೆಯಲ್ಲಿ ಶೇ. 26.4. ಅಂದರೆ ಗಡಿಯಾಚೆಯ ಕನ್ನಡಿಗರು ಇರುವ ಈ ಎರಡು ರಾಜ್ಯಗಳಲ್ಲಿ ನಾಲ್ವರಲ್ಲಿ ಒಬ್ಬರಿಗೆ.

ಸರಕಾರದ ನೆರವು ಎಷ್ಟು? 2018ರಲ್ಲಿ ಬಂದ ಆಯುಷ್ಮಾನ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ರಕ್ಷಣೆಯಿದೆ. ಯೋಜನೆಗೆ ಸೇರಿದ ಹೊರರಾಜ್ಯದ ಆಸ್ಪತ್ರೆಯಲ್ಲೂ ಕಾರ್ಡು ನಡೆಯಬೇಕೆಂಬುದು ನಿಯಮ. ಒಳ್ಳೆಯದೇ. ಆದರೆ ಅದು ದಾಖಲಾದವರಿಗೆ. ಬಿಡುಗಡೆಯ ಅನಂತರದ ಖರ್ಚು 15 ದಿನಕ್ಕೆ ಮಾತ್ರ. ಈ ಹುಣ್ಣಿಗಾದರೋ ತಿಂಗಳುಗಟ್ಟಲೆ ವಾರವಾರ ಪಟ್ಟಿ ಬೇಕು, ದಿನದಿನ ಗುಳಿಗೆ ಬೇಕು. ಆ ಖರ್ಚು ರೋಗಿಯ ಕಿಸೆಯದ್ದೇ. ಕೆಟ್ಟ ನರವನ್ನು ಬೇಗ ಮುಚ್ಚಿಸಿದರೆ ಲಾಭವುಂಟು: 2018ರ ಬ್ರಿಟನ್ ಅಧ್ಯಯನದಲ್ಲಿ ಹಾಗೆ ಮಾಡಿದವರ ಹುಣ್ಣು ಮಧ್ಯಾಂಕದ ಲೆಕ್ಕದಲ್ಲಿ 56 ದಿನಕ್ಕೆ ಮಾಯಿತು, ತಡಮಾಡಿದವರದ್ದು 82 ದಿನಕ್ಕೆ. ಆದರೆ ಅಲ್ಲೂ ಪಟ್ಟಿ ಬಿಟ್ಟಿರಲಿಲ್ಲ.

ಹಾಗಾಗಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಪಟ್ಟಿ ಕಟ್ಟಲು ಬಲ್ಲ ದಾದಿಯರು ಬೇಕು, ಗಡಿಯ ಎರಡೂ ಕಡೆ ಓದಬಲ್ಲ ಒಂದೇ ಮದ್ದಿನ ಪುಸ್ತಕ ಬೇಕು. ಅದು ಬರುವ ತನಕ ನಮ್ಮ ಜಾಗ್ರತೆ ನಮಗೆ. ಎಲ್ಲ ಚೀಟಿಗಳನ್ನೂ ಒಂದೇ ಚೀಲದಲ್ಲಿ ಹಾಕಿ ಪ್ರತಿಸಲ ಡಾಕ್ಟರ ಮುಂದಿಡಿ. ಗುಳಿಗೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ನಮ್ಮ ಕೃಷಿಕರೂ ಹಾಗೇ ಮಾಡಿದರು. ಒಂದು ಗುಳಿಗೆ ಕಡಿಮೆಯಾಯಿತು, ಸಕ್ಕರೆ ಇರುವುದು ಗೊತ್ತಾಯಿತು. ಹುಣ್ಣು ಈಗ ಎಂಟಾಣೆಯಷ್ಟು ಉಳಿದಿದೆ.